ಹೋದವರ ಹೆಸರಿನಲ್ಲಿ ಒಂದು ಸಸಿ ಸಂತೆ

ಯಾವ ಬಡಾವಣೆಯ ಮಹಿಳಾ ಸಮಾಜಕ್ಕೆ ಬೇಕಾದರೂ ಹೋಗಿ ನೋಡಿ, ಅಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರು ಅಧ್ಯಕ್ಷಿಣಿಯಲ್ಲ, ಕಾರ್ಯದರ್ಶಿಯೂ ಅಲ್ಲ. ವಾರ್ಷಿಕೋತ್ಸವದ ಫೋಟೋದಲ್ಲಿ ಕೊನೇ ಸಾಲಿನಲ್ಲಿ ಅರ್ಧ ಮುಖ ಕಾಣುವ ಹಾಗೆ ನಿಂತವರು. ವಾರಕ್ಕೊಂದು ದಿನ ತಪ್ಪದೆ ಆಸ್ಪತ್ರೆಯ ಜನರಲ್ ವಾರ್ಡಿಗೆ ಫ್ಲಾಸ್ಕಿನಲ್ಲಿ ಗಂಜಿ ಒಯ್ಯುತ್ತಿದ್ದವರು, ಇಲ್ಲವೇ ಪರೀಕ್ಷೆ ಹತ್ತಿರ ಬಂದಾಗ ಕಣ್ಣು ಕಾಣದ ಮಕ್ಕಳಿಗೆ ಕೂತು ಪಾಠ ಓದಿ ಹೇಳುತ್ತಿದ್ದವರು. ಅವರ ಮನೆಗೆ ಹೋದರೆ ಅರಿಶಿನ ಕುಂಕುಮ ಕೊಟ್ಟು ಸುಮ್ಮನಾಗುವವರಲ್ಲ. “ತಡೀರಿ, ಒಂದ್ನಿಮಿಷ” ಅಂತ ಹಿತ್ತಲಿಗೆ ಹೋಗಿ, ದಾಸವಾಳದ ಎರಡು ಕಡ್ಡಿಯನ್ನೋ ದೊಡ್ಡಪತ್ರೆಯ ತುದಿಯನ್ನೋ ಒದ್ದೆ ಕಾಗದದಲ್ಲಿ ಸುತ್ತಿ ತಂದು ಕೈಗಿಡುವವರು. ಇಂಥವರ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂತಲ್ಲವೆ?

ಒಂದು ದಿನ ಅವರು ಇಲ್ಲವಾಗುತ್ತಾರೆ. ಸಮಾಜದಲ್ಲಿ ಶ್ರದ್ಧಾಂಜಲಿ ಸಭೆ ಸೇರುತ್ತದೆ. ಫೋಟೋಕ್ಕೆ ಹಾರ, ಎರಡು ನಿಮಿಷ ಮೌನ, ನಾಲ್ಕು ಜನರ ಮಾತು, ಆಮೇಲೆ ಕಾಫಿ. ಮುಂದಿನ ವಾರ ಆಸ್ಪತ್ರೆಗೆ ಗಂಜಿ ಹೋಗುವುದಿಲ್ಲ. ಇನ್ನೊಂದು ತಿಂಗಳಿಗೆ ಅವರ ಮನೆಯ ಮಹಡಿ ಮೇಲಿನ ಕುಂಡಗಳು ಒಣಗಿ ನಿಲ್ಲುತ್ತವೆ. ಮಕ್ಕಳನ್ನು ದೂರಬೇಡಿ, ಒಬ್ಬರು ಪುಣೆಯಲ್ಲಿರುತ್ತಾರೆ, ಒಬ್ಬರು ಅಮೆರಿಕದಲ್ಲಿ. ಯಜಮಾನರಿಗೆ ನೀರು ಹೊತ್ತು ಮಹಡಿ ಹತ್ತುವ ಶಕ್ತಿ ಇರುವುದಿಲ್ಲ.

ಈ ಎರಡನ್ನೂ, ಅಂದರೆ ಅವರ ಗಿಡಗಳನ್ನೂ ಅವರು ಹಿಡಿದಿದ್ದ ಕೆಲಸವನ್ನೂ, ಒಟ್ಟಿಗೆ ಉಳಿಸಿಕೊಳ್ಳುವ ಒಂದು ದಾರಿ ಇದೆ. ಅವರ ಗಿಡಗಳಿಂದಲೇ ಸಸಿ ಮಾಡಿ, ಅವರ ಹೆಸರಿನಲ್ಲಿ ಒಂದು ದಿನದ ಸಂತೆ ನಡೆಸಿ, ಬಂದ ಹಣವನ್ನು ಅವರು ಮಾಡುತ್ತಿದ್ದ ಕೆಲಸಕ್ಕೇ ಹಾಕುವುದು. ಇಂಗ್ಲೆಂಡಿನಲ್ಲಿ ಇಂಥದು ತುಂಬಾ ರೂಢಿ. ಅಲ್ಲಿ ಅದು ಹೇಗೆ ಬೆಳೆದು ಬಂತು ಅನ್ನುವ ಕಥೆ ಕೇಳುವಂಥದ್ದು, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1859ರಲ್ಲಿ ಲಿವರ್‌ಪೂಲ್ ನಗರದ ವ್ಯಾಪಾರಿ ವಿಲಿಯಂ ರ‍್ಯಾತ್‌ಬೋನ್ ಎಂಬವರ ಹೆಂಡತಿ ಲುಕ್ರೀಷಿಯಾ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರನ್ನು ಮನೆಯಲ್ಲೇ ನೋಡಿಕೊಂಡವರು ಮೇರಿ ರಾಬಿನ್‌ಸನ್ ಎಂಬ ನರ್ಸು. ಹಣವಿದ್ದ ನಮ್ಮ ಮನೆಯಲ್ಲೇ ಈಕೆಯ ಆರೈಕೆಯಿಂದ ಇಷ್ಟು ನೆಮ್ಮದಿ ಸಿಕ್ಕಿತು, ಬಡವರ ಮನೆಯಲ್ಲಿ ಏನು ಗತಿ ಎಂದು ರ‍್ಯಾತ್‌ಬೋನ್ ಯೋಚಿಸಿದರು. ಮೂರು ತಿಂಗಳ ಸಂಬಳ ಕೊಟ್ಟು ಆಕೆಯನ್ನು ಬಡವರ ಮನೆಗಳಿಗೆ ಕಳಿಸಿದರು. ಒಂದು ತಿಂಗಳಿಗೆ ಆಕೆ ಅಳುತ್ತಾ ಬಂದು, ಅಲ್ಲಿನ ದುಃಖ ನೋಡಲಾರೆ, ಬಿಟ್ಟುಬಿಡಿ ಅಂದರಂತೆ. ರ‍್ಯಾತ್‌ಬೋನ್ ಧೈರ್ಯ ಹೇಳಿ ವಾಪಸು ಕಳಿಸಿದರು. ಮೂರು ತಿಂಗಳು ಮುಗಿಯುವ ಹೊತ್ತಿಗೆ, ಇದನ್ನೇ ಮುಂದುವರಿಸುತ್ತೇನೆ ಅಂದವರೂ ಆಕೆಯೇ. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸುಗಳ ವ್ಯವಸ್ಥೆ ಆ ದೇಶದಲ್ಲಿ ಬೇರೂರಿದ್ದು ಹೀಗೆ.

ಮುಂದೆ ಈ ನರ್ಸುಗಳಿಗಾಗಿ ಒಂದು ಸಂಸ್ಥೆಯೇ ಆಯಿತು. ಅದರ ಪೋಷಕಿಯಾಗಿದ್ದ ರಾಣಿ ಅಲೆಕ್ಸಾಂಡ್ರಾ 1925ರಲ್ಲಿ ತೀರಿಕೊಂಡಾಗ, ಅವರ ನೆನಪಿಗೆ ನರ್ಸುಗಳ ನಿಧಿಗೆ ಹಣ ಕೂಡಿಸಬೇಕೆಂದು ಮಾತು ಬಂತು. ಶಿಲಾಮೂರ್ತಿ, ಫಲಕ ಅಂತ ಹೊರಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಡಳಿತ ಮಂಡಳಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬ ಹೆಂಗಸು ಒಂದು ಮಾತು ಹೇಳಿದರು. ನಮ್ಮ ದೇಶದ ತುಂಬಾ ಚೆಂದದ ಕೈತೋಟಗಳಿವೆ, ಅವನ್ನು ಮನೆಯವರು, ಅವರ ನೆಂಟರು ಬಿಟ್ಟರೆ ಯಾರೂ ನೋಡಿಲ್ಲ, ಬಾಗಿಲು ತೆಗೆದು ತಲೆಗೊಂದು ಶಿಲಿಂಗ್ ಇಸಿದುಕೊಂಡರಾಯಿತಲ್ಲ ಎಂದು. 1927ರಲ್ಲಿ 609 ತೋಟಗಳ ಬಾಗಿಲು ತೆರೆಯಿತು. ಕೂಡಿದ್ದು 8,191 ಪೌಂಡು. ಆಗ ಪೌಂಡಿಗೆ 20 ಶಿಲಿಂಗ್. ಲೆಕ್ಕ ಹಾಕಿ ನೋಡಿ, ಒಂದು ಲಕ್ಷ ಅರವತ್ತು ಸಾವಿರಕ್ಕೂ ಮೇಲ್ಪಟ್ಟ ಶಿಲಿಂಗುಗಳು! ದೊಡ್ಡವರ ಒಂದು ಚೆಕ್ಕಿಗಿಂತ ಹಾದಿಹೋಕರ ಚಿಲ್ಲರೆ ದೊಡ್ಡದಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಒಂದು ವರ್ಷಕ್ಕೆಂದು ಹುಟ್ಟಿದ್ದು ನಿಲ್ಲಲಿಲ್ಲ. 1948ರಲ್ಲಿ ಆ ನರ್ಸುಗಳ ಹೊಣೆ ಸರ್ಕಾರಕ್ಕೆ ಹೋದ ಮೇಲೂ ತೋಟದ ಹಣ ನಿವೃತ್ತ ನರ್ಸುಗಳಿಗೆ, ಮುಂದೆ ಕ್ಯಾನ್ಸರ್ ರೋಗಿಗಳ ಆರೈಕೆಗೆ ಹರಿಯಿತು. ಈಗ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ತೋಟಗಳು ಬಾಗಿಲು ತೆರೆಯುತ್ತವೆ, ಇದುವರೆಗೆ ಕೊಟ್ಟ ದಾನ 6 ಕೋಟಿ ಪೌಂಡನ್ನೂ ಮೀರಿದೆ. ಅನೇಕ ತೋಟಗಳಲ್ಲಿ ಬಾಗಿಲ ಹತ್ತಿರ ಒಂದು ಮೇಜು ಇರುತ್ತದೆ. ಒಂದು ಕಡೆ ಚಹಾ, ಮನೆಯಲ್ಲೇ ಮಾಡಿದ ಕೇಕು; ಇನ್ನೊಂದು ಕಡೆ ಆ ತೋಟದ ಗಿಡಗಳಿಂದಲೇ ಎಬ್ಬಿಸಿದ ಸಸಿಗಳು. ನೋಡಲು ಬಂದವರು ಬರಿಗೈಲಿ ಹೋಗುವುದಿಲ್ಲ. ಎಲ್ಸಿ ವ್ಯಾಗ್ ಈಗಿಲ್ಲ. ಅವರ ಹೆಸರಿನಲ್ಲಿ ನರ್ಸುಗಳಿಗೆ ವಿದ್ಯಾರ್ಥಿವೇತನ ಇದೆ.

ನಮಗೂ ಇದು ತೀರಾ ಹೊಸದಲ್ಲ ಅನ್ನಿ. ಉತ್ತರ ಕನ್ನಡದ ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಎಂಬ ಹೆಂಗಸರ ಬಳಗ, ಮಳೆಗಾಲ ಹಿಡಿಯುವ ಹೊತ್ತಿಗೆ ‘ಮಲೆನಾಡು ಮೇಳ’ ನಡೆಸುತ್ತಾ ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ಅಲ್ಲಿ ಮಾರಾಟಕ್ಕೆ ಬರುವುದು ಹೆಂಗಸರ ಹಿತ್ತಲಿನ ಬೀಜ, ಗೆಡ್ಡೆ, ಹೂವಿನ ಗಿಡ. ನಾನು ಹೇಳುತ್ತಿರುವುದು ಅದಕ್ಕಿಂತ ಸಣ್ಣದು. ಒಂದು ಬೀದಿಗೆ, ಒಬ್ಬರ ನೆನಪಿಗೆ, ಒಂದು ದಿನಕ್ಕೆ ಸಾಕಾಗುವಷ್ಟು.

ಆದರೆ ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಏಳುತ್ತದೆ. ಬದುಕಿರುವ ತನಕ ಒಂದು ಕಾಸೂ ಮುಟ್ಟದೆ ಗಿಡ ಕೊಟ್ಟವರು ಅವರು. ಅವರು ಹೋದ ಮೇಲೆ ಅದೇ ಗಿಡಕ್ಕೆ ನಾವು ಬೆಲೆ ಕಟ್ಟುವುದೆ? ಇದನ್ನು ಅಷ್ಟು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ನನಗೆ ತೋಚುವುದು ಇಷ್ಟು: ಅವರು ಗಿಡ ಪುಕ್ಕಟೆ ಕೊಟ್ಟರು, ನಿಜ. ಗಂಜಿಯ ಅಕ್ಕಿಗೆ ಮಾತ್ರ ತಮ್ಮ ಪರ್ಸಿನಿಂದಲೇ ದುಡ್ಡು ಹಾಕುತ್ತಿದ್ದರು. ಈಗ ಆ ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಮಾರಿ, ಆದರೆ ಸಂತೆಯಲ್ಲಿ ಒಂದು ಮೇಜು ‘ಕೊಡುವ ಮೇಜು’ ಅಂತಲೇ ಇರಲಿ. ಅದಕ್ಕೆ ಬೆಲೆ ಚೀಟಿ ಬೇಡ. ಮನೆಗೆಲಸದ ಹೆಣ್ಣುಮಗಳು ಬಂದು ಕರಿಬೇವಿನ ಸಸಿ ಮುಟ್ಟಿ ನೋಡಿ ಸುಮ್ಮನೆ ಹೋಗುವಂತಾಗಬಾರದು. ತುಳಸಿಯನ್ನಂತೂ ಮಾರಲೇಬೇಡಿ, ಆ ಮೇಜಿನ ಮೇಲೇ ಇಡಿ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಮನೆಯವರ ಒಪ್ಪಿಗೆ. ಮಗಳನ್ನೋ ಸೊಸೆಯನ್ನೋ ಕೇಳಿ, ಯಜಮಾನರ ಹತ್ತಿರ ನಾಲ್ಕು ಜನ ಹೋಗಿ ಕೂತು ಮಾತಾಡಿ. ತಾಯಿಗಿಡಗಳನ್ನು ಕುಂಡ ಸಮೇತ ಎತ್ತಿಕೊಂಡು ಬರಬೇಡಿ, ಅವು ಅವರ ಮನೆಯಲ್ಲೇ ಇರಲಿ. ಕಡ್ಡಿ, ಮರಿ, ಬೀಜ ಇಷ್ಟೇ ನಿಮಗೆ ಬೇಕಾದದ್ದು. ತಾಯಿಗಿಡಕ್ಕೆ ನೀರು ಹಾಕುವ ಸರದಿಯನ್ನು ನಿಮ್ಮಲ್ಲೇ ಹಂಚಿಕೊಳ್ಳಿ. ಮುದುಕರಿಗೆ ಆ ನೆಪದಲ್ಲಿ ದಿನಕ್ಕೊಬ್ಬರ ಮುಖ ಕಾಣುತ್ತದೆ.

ಸಂತೆಗೆ ಒಳ್ಳೇ ಕಾಲ ಜೂನ್ ಕೊನೆ, ಜುಲೈ ಮೊದಲು. ಮೃಗಶಿರಾ ಮಳೆ ಬಿದ್ದು ಆರಿದ್ರಾ ಹಿಡಿದಿರುತ್ತದೆ, ಕೊಂಡೊಯ್ದವರ ಗಿಡ ಹಿಡಿಯುತ್ತದೆ. ಹಾಗಾದರೆ ಕಡ್ಡಿ ಊರುವ ಕೆಲಸ ಏಪ್ರಿಲ್ ಕೊನೆಗೇ ಶುರುವಾಗಬೇಕು, ಮಲ್ಲಿಗೆಯದು ಇನ್ನೂ ಮೊದಲು. ಮಲ್ಲಿಗೆಯ ಉದ್ದನೆಯ ಬಳ್ಳಿಯೊಂದನ್ನು ಬಗ್ಗಿಸಿ, ಒಂದು ಗಿಣ್ಣಿನ ಹತ್ತಿರ ತೊಗಟೆ ಸ್ವಲ್ಪ ಕೆರೆದು, ಪಕ್ಕದ ಕುಂಡದ ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲಿಡಿ. ಬೇರು ಬಿಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತಾಯಿಯಿಂದ ಕತ್ತರಿಸಬೇಡಿ.

ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಆರಂಗುಲದ ಕಡ್ಡಿ ಸಾಕು. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದನ್ನು ಕಿತ್ತು, ನೆರಳಿನಲ್ಲಿ ಊರಿ. ದೊಡ್ಡಪತ್ರೆ ಹೇಗೆ ನೆಟ್ಟರೂ ಬರುತ್ತದೆ, ಅದಕ್ಕೆ ಪಾಠ ಬೇಡ. ಒಂದೆಲಗ, ಮಜ್ಜಿಗೆ ಹುಲ್ಲು, ಲೋಳೆಸರ, ಸೇವಂತಿಗೆ ಇವೆಲ್ಲ ಬುಡದಿಂದ ಬಿಡಿಸಿ ನೆಡುವಂಥವು. ಕರಿಬೇವಿನ ಕಡ್ಡಿ ಊರಿ ಕಾಯಬೇಡಿ, ನೂರಕ್ಕೆ ತೊಂಬತ್ತು ಸಲ ನಿರಾಸೆಯೇ. ಕಪ್ಪಾಗಿ ಹಣ್ಣಾದ ಕಾಯಿ ಸಿಕ್ಕಿದ ಕೂಡಲೆ ತಿರುಳು ತೊಳೆದು ಬಿತ್ತಿ, ಡಬ್ಬದಲ್ಲಿಟ್ಟ ಬೀಜ ಬೇಗ ಸತ್ತುಹೋಗುತ್ತದೆ. ಬುಡದಲ್ಲಿ ಎದ್ದ ಮರಿಗಳಿದ್ದರೆ ಅವನ್ನು ಬೇರು ಸಮೇತ ತೆಗೆಯಬಹುದು.

ಇನ್ನು ಬ್ರಹ್ಮಕಮಲ. ನಾವು ಹಾಗೆ ಕರೆಯುತ್ತೇವೆ, ಆದರೆ ಹಿಮಾಲಯದ ಬ್ರಹ್ಮಕಮಲವೇ ಬೇರೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವುದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ಅದರ ಎಲೆಯ ತುಂಡನ್ನು ಎರಡು ದಿನ ನೆರಳಲ್ಲಿಟ್ಟು, ಕತ್ತರಿಸಿದ ಬಾಯಿ ಒಣಗಿದ ಮೇಲೆ ನೆಡಿ. ತಕ್ಷಣ ನೆಟ್ಟರೆ ಕೊಳೆಯುತ್ತದೆ. ಸಂತೆಯಲ್ಲಿ ಮೊದಲು ಖಾಲಿಯಾಗುವುದು ಇದೇ ಅಂತ ಈಗಲೇ ಹೇಳುತ್ತೇನೆ, ನಾಲ್ಕು ಹೆಚ್ಚಿಗೇ ಮಾಡಿಟ್ಟುಕೊಳ್ಳಿ.

ಕುಂಡಕ್ಕೆ ಖರ್ಚು ಮಾಡಬೇಡಿ. ತೊಳೆದ ಹಾಲಿನ ಕವರು, ತೆಂಗಿನ ಕರಟ, ಹಳೇ ಡಬ್ಬ ಯಾವುದಾದರೂ ಆದೀತು. ತಳದಲ್ಲಿ ತೂತು ಮಾತ್ರ ಮರೆಯಬೇಡಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಸಮ. ಹಸಿ ಸಗಣಿ ಹಾಕಿದಿರೋ, ಎಳೇ ಬೇರು ಸುಟ್ಟಿತು.

ಪ್ರತಿ ಸಸಿಗೂ ಒಂದು ಚೀಟಿ ಕಟ್ಟಿ. ಗಿಡದ ಹೆಸರು, ಬಿಸಿಲೋ ನೆರಳೋ, ನೀರು ಎಷ್ಟು, ಮತ್ತು ಇದು ಯಾರ ಅಂಗಳದ್ದು ಅನ್ನುವುದು ಒಂದೇ ಸಾಲಿನಲ್ಲಿ. ಅಡುಗೆಗೆ ಬರುವ ಗಿಡವಾದರೆ ಚೀಟಿಯ ಹಿಂದೆ ಒಂದು ಅಡುಗೆ ಬರೆಯಿರಿ, ಆದರೆ ಅವರು ಮಾಡುತ್ತಿದ್ದ ಹಾಗೆಯೇ. ಅಳತೆ ಅವರ ಸೊಸೆಯನ್ನು ಕೇಳಿ. ಮಾದರಿಗೆ ದೊಡ್ಡಪತ್ರೆ ತಂಬುಳಿ ಇಲ್ಲಿದೆ: ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸನ್ನು ಒಂದು ಚಮಚ ತುಪ್ಪದಲ್ಲಿ ಎಲೆ ಬಾಡುವ ತನಕ ಹುರಿದು, ಎರಡು ದೊಡ್ಡ ಚಮಚ ತೆಂಗಿನ ತುರಿ ಹಾಕಿ ನುಣ್ಣಗೆ ರುಬ್ಬಿ. ಒಂದು ಲೋಟ ಕಡೆದ ಮೊಸರಿಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸಬಾರದು.

ಬೆಲೆ 20, 30, 50 ರೂಪಾಯಿ, ಅದಕ್ಕಿಂತ ಮೇಲೆ ಬೇಡ. ಚೌಕಾಸಿ ನಡೆದೇ ನಡೆಯುತ್ತದೆ, ನಮ್ಮ ಹೆಂಗಸರಿಗೆ ಹೇಳಿಕೊಡಬೇಕೆ! ಗಲ್ಲೆಯಲ್ಲಿ ಸ್ವಲ್ಪ ಗಟ್ಟಿಗಿತ್ತಿಯನ್ನೇ ಕೂರಿಸಿ. ಕದ್ದು ತಂದ ಗಿಡವೇ ಚೆನ್ನಾಗಿ ಬರುತ್ತೆ ಅನ್ನುವ ನಂಬಿಕೆಯವರೂ ಬರುತ್ತಾರೆ, ಅವರ ಮೇಲೂ ಒಂದು ಕಣ್ಣಿರಲಿ. ಮೊಬೈಲಿನಲ್ಲಿ ಹಣ ಹಾಕುವವರಿಗೆ ಕ್ಯೂಆರ್ ಚೀಟಿ ಅಂಟಿಸುವುದಾದರೆ ಅದು ಸಮಾಜದ ಖಾತೆಯದೇ ಆಗಿರಬೇಕು, ಯಾರ ಸ್ವಂತ ಖಾತೆಯೂ ಆಗಕೂಡದು. ಎಷ್ಟೇ ನಂಬಿಕಸ್ಥರಾಗಲಿ! ಸಂಜೆ ಐದಕ್ಕೆ ಎಲ್ಲರ ಮುಂದೆ ಎಣಿಸಿ, ಬಂದದ್ದು ಹೋದದ್ದು ಕಪ್ಪು ಹಲಗೆಯ ಮೇಲೆ ಬರೆದುಬಿಡಿ. ಎಷ್ಟೋ ಒಳ್ಳೇ ಕೆಲಸಗಳು ಲೆಕ್ಕ ಹೇಳದೆ ಕೆಟ್ಟಿವೆ.

ಎಷ್ಟು ಬರಬಹುದು? ನೂರೈವತ್ತು ಸಸಿ, ಸರಾಸರಿ 30 ರೂಪಾಯಿ ಅಂದರೆ 4,500. ಪಕ್ಕದಲ್ಲಿ ಕೋಡುಬಳೆ, ಕಾಫಿ ಇಟ್ಟರೆ ಇನ್ನಷ್ಟು. ದೊಡ್ಡ ಮೊತ್ತವಲ್ಲ. ಆದ್ದರಿಂದಲೇ ಇದರಲ್ಲಿ ಶಾಲು, ಫಲಕ, ಶಾಮಿಯಾನಕ್ಕೆ ಕೈ ಹಾಕಬಾರದು. ಅವರು ಹೋಗುತ್ತಿದ್ದ ಕಡೆಗೇ ಹೋಗಿ, ಈಗ ಏನು ಬೇಕು ಅಂತ ಕೇಳಿ. ಅವರು ಕೊನೆಯ ದಿನಗಳಲ್ಲಿ ಆರೈಕೆ ಪಡೆದ ಜಾಗಕ್ಕೂ ಕೊಡಬಹುದು. ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ದಾನದಿಂದಲೇ ನಡೆಯುವಂಥವು. ಹಣದ ಜೊತೆಗೆ ಒಬ್ಬರು ಆ ವಾರದ ದಿನವನ್ನೂ ವಹಿಸಿಕೊಳ್ಳಲು ಒಪ್ಪಿದರಂತೂ ಇನ್ನೂ ಒಳ್ಳೇದು. ಫ್ಲಾಸ್ಕು ಅವರ ಮನೆಯಲ್ಲೇ ಇರುತ್ತದೆ, ಕೇಳಿದರೆ ಸೊಸೆ ಕೊಡುತ್ತಾಳೆ.

ಮಾರದೆ ಉಳಿದ ಸಸಿಗಳನ್ನು ಮಾರನೇ ದಿನವೇ ಅಂಗನವಾಡಿಗೋ ಶಾಲೆಯ ಅಂಗಳಕ್ಕೋ ಮುಟ್ಟಿಸಿ, ಸಮಾಜದ ವರಾಂಡದಲ್ಲಿ ಬಿಟ್ಟರೆ ಒಣಗಿಹೋಗುತ್ತವೆ. ಇನ್ನೊಂದು ಮಾತು. ಯಾವ ಗಿಡ ಯಾರ ಮನೆಗೆ ಹೋಯಿತು ಅಂತ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಅವರ ಮನೆ ನಾಳೆ ಬಾಡಿಗೆಗೆ ಹೋಗಬಹುದು, ಮಾರಾಟವೇ ಆಗಬಹುದು. ಆಗ ಮುಂದಿನ ವರ್ಷದ ಕಡ್ಡಿಗೆ ನೀವು ಕತ್ತರಿ ಹಿಡಿದು ಹೋಗಬೇಕಾದದ್ದು ಆ ನೋಟುಬುಕ್ಕಿನಲ್ಲಿರುವ ವಿಳಾಸಗಳಿಗೇ.