ಹೆರಿಗೆಯ ನಂತರದ ರಕ್ತಸ್ರಾವ ಮತ್ತು ವೈದ್ಯರ ಮರುಕಲಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಗ್ರಾಮೀಣ ದಂಪತಿಗಳೇ,

ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಬಸ್ಸು ಹಿಡಿದು, ಬಸುರಿ ಪತ್ನಿಯೊಡನೆ ನೀವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತೀರಿ. “ಡಾಕ್ಟರು ಟ್ರೇನಿಂಗಿಗೆ ಹೋಗಿದ್ದಾರೆ” ಎಂಬ ಉತ್ತರ ದೊರೆಯುತ್ತದೆ. ಓದಿ ಬಂದವರಿಗೆ ಮತ್ತೇನು ಓದು ಎಂದು ನೀವು ಬೇಸರಪಡುವುದು ಸಹಜ. ಆ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳ ಪ್ರಕಾರ ವೈದ್ಯನಾದವನು ಐದು ವರ್ಷಗಳಿಗೊಮ್ಮೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆಯತಕ್ಕದ್ದು. ಹೆರಿಗೆ ಕೋಣೆಯ ದಾದಿಯರಿಗೂ ಬೇರೆ ತರಬೇತಿಗಳಿವೆ. ಅಂತಹ ಒಂದು ತರಬೇತಿಯಲ್ಲಿ ಕೆಂಪು ಬಣ್ಣದ ನೀರನ್ನು ಮೊದಲೇ ಅಳೆದು, ಹಳೆಯ ಸೀರೆ, ಹತ್ತಿ ಮತ್ತು ನೆಲದ ಮೇಲೆ ಸುರಿದಿಟ್ಟು, ಎಷ್ಟಿರಬಹುದು ಎಂದು ನಮ್ಮನ್ನು ಕೇಳಿದರು. ನಾನು 300 ಮಿಲಿಲೀಟರ್ ಎಂದೆನು. ಸುರಿದದ್ದು 600. ಹೆರಿಗೆ ಕೋಣೆಯಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಅಂದು ನಾಚಿಕೆಯಾಯಿತು. ಇದು ನೀರಲ್ಲದೆ ತಾಯಿಯ ರಕ್ತವಾಗಿದ್ದರೆ ಎಂದು ಭಯವೂ ಆಯಿತು.

ಮಗು ಜನಿಸಿ ಮಾಸು ಬಿದ್ದ ಮೇಲೆ, ಮಾಸು ಅಂಟಿಕೊಂಡಿದ್ದ ಸ್ಥಳದಲ್ಲಿ ರಕ್ತನಾಳಗಳು ತೆರೆದುಕೊಂಡಿರುತ್ತವೆ. ಗರ್ಭಕೋಶವು ಮುಷ್ಟಿ ಹಿಡಿದಂತೆ ಬಿಗಿಯಾಗಿ ಅವುಗಳನ್ನು ಹಿಸುಕಿ ಮುಚ್ಚುತ್ತದೆ. ಹಾಗೆ ಬಿಗಿಯದೆ ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ ಎಂದರೆ ಅಪಾಯವು ಎಷ್ಟು ಬೇಗ ಬರುವುದೆಂಬುದನ್ನು ನೀವೇ ಊಹಿಸಬಹುದು. ಪದೇ ಪದೇ ಹೆತ್ತ ತಾಯಿ, ಅವಳಿ ಮಕ್ಕಳ ತಾಯಿ, ಬಹಳ ಹೊತ್ತು ನೋವು ತಿಂದ ತಾಯಿ ಇವರಲ್ಲಿ ಗರ್ಭಕೋಶ ಸಡಿಲವಾಗುವ ಸಂಭವ ಹೆಚ್ಚು. ರಕ್ತಹೀನತೆಯುಳ್ಳ ತಾಯಿಯಾದರೋ, ಬೇರೆಯವರು ತಡೆದುಕೊಳ್ಳುವಷ್ಟು ನಷ್ಟವನ್ನೂ ತಾಳಲಾರಳು.

“ಕೆಟ್ಟ ರಕ್ತ ಹೋಗಲಿ ಬಿಡಿ” ಎಂದು ಮನೆಯ ಹಿರಿಯರು ಹೇಳುವುದುಂಟು. ಅವರ ಪ್ರೀತಿಯಲ್ಲಿ ಸಂದೇಹವಿಲ್ಲ, ಆದರೆ ಈ ಮಾತು ಸರಿಯಲ್ಲ. ಹೆರಿಗೆಯಲ್ಲಿ ಹೋಗುವುದು ಕೆಟ್ಟ ರಕ್ತವಲ್ಲ. ಆಕೆಯ ಮೈಯಲ್ಲಿರುವ ಒಳ್ಳೆಯ ರಕ್ತವೇ.

ಈ ಅಳತೆಯ ಪ್ರಶ್ನೆಗೆ ಪರಿಹಾರ ಹುಡುಕುವ ಮುಖ್ಯ ಪ್ರಯತ್ನವೊಂದು ನಮ್ಮ ನಾಡಿನಲ್ಲಿಯೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಹೆರಿಗೆಗಳನ್ನು ಅಭ್ಯಸಿಸಿದರು. ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆ ಗೆರೆಗಳುಳ್ಳ ಚೀಲವಿರುವ ಪ್ಲಾಸ್ಟಿಕ್ ಹಾಸನ್ನು ಅದಕ್ಕಾಗಿ ಸಿದ್ಧಪಡಿಸಿದರು. ಅದರಿಂದ ಅಳೆದು ನೋಡಿದಾಗ ಕಣ್ಣಂದಾಜು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಎಂದು ಕಂಡುಬಂದಿತು. ನನ್ನೊಬ್ಬನ ತಪ್ಪಲ್ಲವಲ್ಲ ಎಂದು ನಾನು ಸ್ವಲ್ಪ ಸಮಾಧಾನಪಟ್ಟುಕೊಂಡೆ. ಅದೇ ಅಧ್ಯಯನದಲ್ಲಿ ಗ್ರಾಮದ ಆರೋಗ್ಯ ಸಹಾಯಕಿಯರು ಮಗು ಹುಟ್ಟಿದೊಡನೆ ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು ಕೊಟ್ಟರು. ಔಷಧವಿಲ್ಲದ ಹುಸಿ ಮಾತ್ರೆ ಪಡೆದ ನೂರು ತಾಯಂದಿರಲ್ಲಿ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದ ನೂರರಲ್ಲಿ ಸುಮಾರು 6 ಮಂದಿಗೆ ಮಾತ್ರ ಆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅಳೆಯುವ ಹಾಸನ್ನೇ ಮೊದಲ ಹೆಜ್ಜೆಯಾಗಿಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ ನಡೆದು, 2023ರಲ್ಲಿ ಪ್ರಕಟವಾಯಿತು. ಅಳತೆ ಮೀರಿತೆಂದು ತಿಳಿದ ಕೂಡಲೇ ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೀವುವುದು, ಅದನ್ನು ಬಿಗಿಗೊಳಿಸುವ ಔಷಧ, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಹರಿದ ಗಾಯವಿದೆಯೇ ಎಂಬ ಪರೀಕ್ಷೆ, ಇವನ್ನೆಲ್ಲ ಒಂದಾದ ಮೇಲೊಂದು ಕಾಯುತ್ತ ಕೂಡದೆ ಒಟ್ಟಿಗೇ ಮಾಡಲಾಯಿತು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಕ್ರಿಯೆ, ಸಾವುಗಳು ಒಟ್ಟಾರೆ ನೂರಕ್ಕೆ ಅರವತ್ತರಷ್ಟು ತಗ್ಗಿದವು. ಹಿಂದೆ ಅರ್ಧ ಲೀಟರ್, ಎಂದರೆ ಒಂದು ಹಾಲಿನ ಪ್ಯಾಕೆಟ್ಟಿನಷ್ಟು ರಕ್ತ ಹೋದ ಮೇಲೆ ಚಿಕಿತ್ಸೆ ಎಂದು ನಾವು ಕಲಿತಿದ್ದೆವು. ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 300 ಮಿಲಿಲೀಟರಿಗೇ ಎಚ್ಚೆತ್ತುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸೂಚಿಸಿತು. ತರಬೇತಿಗೆ ಹೋಗದ ವೈದ್ಯನು ಹಳೆಯ ಅಳತೆಗಾಗಿ ಕಾಯುತ್ತಲೇ ಇರುತ್ತಾನೆ.

ಆಕ್ಸಿಟೋಸಿನ್ ಎಂಬ ಇಂಜೆಕ್ಷನ್ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಕೊಟ್ಟರೆ ಇದು ಪ್ರಾಣ ಉಳಿಸುತ್ತದೆ. ಆದರೆ ಹೆರಿಗೆ ಬೇಗ ಆಗಲೆಂದು ಊರಿನಲ್ಲಿ ಯಾರಿಂದಲೋ ಇದನ್ನು ಮೊದಲೇ ಚುಚ್ಚಿಸಿದರೆ ಗರ್ಭಕೋಶವೇ ಒಡೆಯಬಹುದು, ಮಗು ಉಸಿರುಗಟ್ಟಬಹುದು. ಅದೂ ಅಲ್ಲದೆ ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ನಮ್ಮ ಬೇಸಿಗೆಯಲ್ಲಿ ಅಂಗಡಿಯ ಕಪಾಟಿನಲ್ಲಿ ಬಿದ್ದಿದ್ದ ಔಷಧದ ಶಕ್ತಿ ಕುಂದುತ್ತದೆ. ಮನೆಯಲ್ಲಿ “ನೋವಿನ ಇಂಜೆಕ್ಷನ್” ಕೊಡಿಸಕೂಡದು.

ಪತಿಯಾದವರು ಮಾಡಬೇಕಾದ ಕೆಲಸ ಬಹಳ ಇದೆ. ತಿಂಗಳು ತುಂಬುವ ಮೊದಲೇ ತಾಯಿ ಕಾರ್ಡಿನಲ್ಲಿ ಪತ್ನಿಯ ಹಿಮೋಗ್ಲೋಬಿನ್ ಎಷ್ಟಿದೆ ನೋಡಿರಿ. 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರನ್ನು ಕೇಳಿರಿ. ಆಕೆ ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ನುಂಗುವಂತೆ ನೋಡಿಕೊಳ್ಳಿರಿ, ಚಹದೊಡನೆ ಬೇಡ. ರಕ್ತ ಕೊಡಬಲ್ಲ ಇಬ್ಬರು ನೆಂಟರನ್ನು ಗೊತ್ತುಮಾಡಿಕೊಂಡಿರಿ. ಹೆರಿಗೆಯಾದ ಮೇಲೆ ಮೊದಲ ಎರಡು ಗಂಟೆ ಆಕೆಯನ್ನು ಒಂಟಿಯಾಗಿ ಬಿಡಬೇಡಿರಿ. ಮಗುವನ್ನು ನೋಡಲು ಎಲ್ಲರೂ ಮುಗಿಬೀಳುವ ಹೊತ್ತು ಅದು. ತಾಯಿಯನ್ನು ನೋಡುವವರೇ ಇರುವುದಿಲ್ಲ. ಬಟ್ಟೆ ಬೇಗ ಬೇಗ ತೊಯ್ದರೆ, ಆಕೆ ಬಿಳಿಚಿಕೊಂಡರೆ, ಬೆವರಿದರೆ, ತಲೆಸುತ್ತು ಎಂದರೆ ದಾದಿಯನ್ನು ಕೂಡಲೇ ಕರೆಯಿರಿ. “ಎಷ್ಟು ರಕ್ತ ಹೋಗಿದೆ, ಅಳೆದಿರಾ?” ಎಂದು ಕೇಳಲು ಸಂಕೋಚ ಬೇಡ. ಅದು ನಮಗೆ ಅಪಮಾನವಲ್ಲ.

ದನಕರು, ಹೊಲ ಎಂದು ಮರುದಿನವೇ ಬಿಡುಗಡೆ ಕೇಳಬೇಡಿರಿ. 48 ಗಂಟೆ ಆಸ್ಪತ್ರೆಯಲ್ಲಿರಿ. ಮನೆಗೆ ಹೋದ ಮೇಲೆ ಬಾಣಂತಿಗೆ ನೀರು ಕೊಡದೆ ಇರಿಸಬಾರದು. ಆರು ವಾರಗಳೊಳಗೆ ಯಾವಾಗಲಾದರೂ ರಕ್ತ ಹೆಚ್ಚಾಗಿ ಹೋದರೆ, ಗಡ್ಡೆಗಟ್ಟಿ ಬಿದ್ದರೆ, ರಾತ್ರಿಯಾದರೂ 108ಕ್ಕೆ ಕರೆಮಾಡಿ ಆಕೆಯನ್ನು ಕರೆತನ್ನಿರಿ. ತಾಯಿ ಕಾರ್ಡು ಜೊತೆಯಲ್ಲಿರಲಿ.