ವಾಹನ ಚಾಲನೆ: ಆಟದೊಳಗಿನ ಶಾಲೆ ಮತ್ತು ರಸ್ತೆಯ ಶಾಲೆ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಹಿಂದಿನ ತಲೆಮಾರಿಗೆ ಮೋಟಾರು ಕಾರೆಂದರೆ ಬಹುಮಟ್ಟಿಗೆ ದೂರದಿಂದ ನೋಡುವ ವಸ್ತುವಾಗಿತ್ತು. ಲೋಕಲ್ ರೈಲು, ಬೆಸ್ಟ್ ಬಸ್ಸು, ಕಾಲ್ನಡಿಗೆ, ಇವುಗಳಲ್ಲಿಯೇ ಅವರ ಸಂಚಾರ ಮುಗಿಯುತ್ತಿತ್ತು. ತೀರ ಅಗತ್ಯ ಬಿದ್ದರೆ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ. ಆ ಕಪ್ಪು-ಹಳದಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಈಗಿನ ಮನೆಗಳಲ್ಲಿ ಸಂಗತಿ ಬೇರೆ. ಡೊಂಬಿವಲಿಯಾಗಲಿ ಮೀರಾ ರೋಡಾಗಲಿ, ಹತ್ತು ವರ್ಷದ ಹುಡುಗನೊಬ್ಬ ಪರದೆಯೆದುರು ಚಕ್ರ ಹಿಡಿದು ಕುಳಿತು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸುತ್ತಿರುತ್ತಾನೆ. ಇದರಿಂದ ಮಗ ಚಾಲನೆ ಕಲಿಯುತ್ತಿದ್ದಾನೆಯೇ, ಕೆಡುತ್ತಿದ್ದಾನೆಯೇ ಎಂದು ಬಾಗಿಲಲ್ಲಿ ನಿಂತ ತಂದೆಗೆ ತಿಳಿಯದು. ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ವಿಡಿಯೋ ಆಟಗಳ ಮೊದಲ ದಿನಗಳಲ್ಲಿ ಓಟವಿತ್ತೇ ಹೊರತು ಪಾಠವಿರಲಿಲ್ಲ. 1976ರ 'ನೈಟ್ ಡ್ರೈವರ್' ಆಟದಲ್ಲಿ ಕತ್ತಲೆಯ ನಡುವೆ ರಸ್ತೆಯಂಚಿನ ಬಿಳಿಯ ಗುರುತುಗಳು ಮಾತ್ರ ಕಾಣುತ್ತಿದ್ದವು. 1989ರ 'ಹಾರ್ಡ್ ಡ್ರೈವಿನ್' ಯಂತ್ರಕ್ಕೆ ಕ್ಲಚ್ಚು, ಗೇರು, ಚಾಲನೆಯ ಕೀಲಿ ಎಲ್ಲವೂ ಬಂದವು. ಆದರೆ ಆಟದೊಳಗೆ ಒಂದು ಕ್ರಮಬದ್ಧ ಶಾಲೆಯನ್ನೇ ಸೇರಿಸಿ ಹೆಸರಾದದ್ದು ಜಪಾನಿನ ಕಾಜುನೊರಿ ಯಾಮಾಉಚಿ ಮತ್ತು ಅವರ ತಂಡ 1997ರಲ್ಲಿ ಹೊರತಂದ 'ಗ್ರಾನ್ ಟುರಿಸ್ಮೋ'. ಅದರಲ್ಲಿ ದೊಡ್ಡ ಪಂದ್ಯಗಳಿಗೆ ಇಳಿಯಬೇಕಾದರೆ ಮೊದಲು ಲೈಸೆನ್ಸ್ ಪಡೆಯಬೇಕು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರ ಸಮಾಜಕ್ಕೆ ಈ ನಿಯಮ ವಿಚಿತ್ರವೆನಿಸಲಾರದು. ಆಟದ ಹುಡುಗರಿಗೆ ಮಾತ್ರ ಅದು ಮೊದಮೊದಲು ಬಲು ಬೇಸರದ ಸಂಗತಿಯಾಗಿತ್ತು.

ಆ ಶಾಲೆಯ ಬೋಧನಕ್ರಮ ಗಮನಿಸತಕ್ಕದ್ದು. ಇಡೀ ಚಾಲನೆಯನ್ನು ಅದು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಮೊದಲ ಪರೀಕ್ಷೆಯಲ್ಲಿ ಹೊರಟು, ವೇಗ ಹಿಡಿದು, ಗುರುತು ಹಾಕಿದ ಜಾಗದೊಳಗೆ ಸರಿಯಾಗಿ ನಿಲ್ಲಿಸಿದರಾಯಿತು. ಮುಂದೆ ಒಂದೇ ತಿರುವು. ಆಮೇಲೆ ತಿರುವಿನ ಮೇಲೆ ತಿರುವು. ಅರ್ಧ ನಿಮಿಷದ ಪಾಠ, ಒಡನೆಯೇ ಫಲಿತಾಂಶ, ತಪ್ಪಿದರೆ ಮರುಗಳಿಗೆಯಲ್ಲೇ ಇನ್ನೊಂದು ಯತ್ನ. ಚಿನ್ನ, ಬೆಳ್ಳಿ, ಕಂಚು ಎಂಬ ಮೂರು ದರ್ಜೆಗಳಿರುವುದರಿಂದ ಉತ್ತೀರ್ಣನಾದವನೂ ಸುಮ್ಮನೆ ಕೂರುವುದಿಲ್ಲ. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು, ತಿರುವಿನ ಒಳಗೆ ಬ್ರೇಕು ಒತ್ತಿದರೆ ಗಾಲಿ ಹಿಡಿತ ತಪ್ಪುತ್ತದೆ ಎಂಬ ಸತ್ಯವನ್ನು ಪುಸ್ತಕ ಹತ್ತು ಸಲ ಹೇಳಿದರೂ ನಾಟದು. ಈ ಪಾಠ ಅದನ್ನು ಕೈಗಳಿಗೇ ಕಲಿಸುತ್ತದೆ. ಮೆದುಳಿನ ಹಿಂಭಾಗದಲ್ಲಿರುವ ಅನುಮಸ್ತಿಷ್ಕವು ಇಂಥ ಪುನರಾವರ್ತನೆಯಿಂದಲೇ ಚಲನೆಗಳನ್ನು ತಿದ್ದಿ ಹದಗೊಳಿಸುತ್ತದೆ. ಈ ಆಟದ ಸ್ಪರ್ಧೆಯಲ್ಲಿ 2008ರಲ್ಲಿ ಗೆದ್ದ ಸ್ಪೇನಿನ ಲೂಕಾಸ್ ಓರ್ಡೋನ್ಯೆಸ್ 2011ರ ಲೆ ಮಾನ್ಸ್ ಓಟದಲ್ಲಿ ತನ್ನ ವರ್ಗದ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದ. ಆದರೆ ಮಕ್ಕಳು ಈ ಕತೆಯನ್ನು ಹೇಳುವಾಗ ಒಂದು ಮಾತನ್ನು ನುಂಗಿಬಿಡುತ್ತಾರೆ: ಪರದೆಗೂ ಆ ಓಟಕ್ಕೂ ನಡುವೆ ಅವನಿಗೆ ನಿಜವಾದ ಕಾರಿನಲ್ಲಿ ನಿಜವಾದ ಶಿಕ್ಷಕರಿಂದ ಕಠಿಣ ತರಬೇತಿ ನಡೆದಿತ್ತು.

ಇನ್ನು ಪರದೆ ಕಲಿಸದ ವಿಷಯಗಳಿಗೆ ಬರೋಣ. ಮನುಷ್ಯನ ಎರಡು ಕಣ್ಣುಗಳು ಸೇರಿ ಅಡ್ಡಕ್ಕೆ ಸುಮಾರು 180 ಅಂಶಗಳಷ್ಟು ವಿಸ್ತಾರವನ್ನು ಗ್ರಹಿಸುತ್ತವೆ. ಮನೆಯ ಪರದೆ ಅದರಲ್ಲೊಂದು ಸಣ್ಣ ಕಿಟಕಿ ಮಾತ್ರ. ದಾದರಿನ ಹೂವಿನ ಮಾರುಕಟ್ಟೆಯ ಬಳಿ ನಿಂತ ಬಸ್ಸಿನ ಮರೆಯಿಂದ ಬುಟ್ಟಿ ಹೊತ್ತವನು ಹಠಾತ್ತನೆ ಇಳಿಯುವುದು ಆ ಕಿಟಕಿಯ ಹೊರಗಿನಿಂದ. ಕಣ್ಣಂಚಿನ ದೃಷ್ಟಿಗೆ ಅಭ್ಯಾಸವಿಲ್ಲದವನು ಅವನನ್ನು ತಡವಾಗಿ ಕಾಣುತ್ತಾನೆ. ಎಡದಿಂದ ನುಸುಳುವ ರಿಕ್ಷಾ, ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಸದ್ದು, ರಸ್ತೆಯ ನಡುವೆ ಗೆಳೆಯನೊಡನೆ ಮಾತಿಗೆ ನಿಂತ ಪಾದಚಾರಿ, ಇವರಾರೂ ಓಟದ ಆಟದಲ್ಲಿಲ್ಲ. ಅಲ್ಲಿ ದಾರಿಯೆಲ್ಲ ಆಟಗಾರನದೇ.

ಎರಡನೆಯದು, ದೇಹದ ಅರಿವು. ವೇಗ ಏರಿದುದನ್ನೂ ಇಳಿದುದನ್ನೂ ಕಿವಿಯ ಒಳಭಾಗದ ಸಮತೋಲನ ಅಂಗ ಮೆದುಳಿಗೆ ತಿಳಿಸುತ್ತದೆ. ಪರದೆಯೆದುರು ಕಣ್ಣು ಓಡುತ್ತಿದೆ ಎನ್ನುತ್ತದೆ, ಕಿವಿ ಕುಳಿತಿದ್ದೇನೆ ಎನ್ನುತ್ತದೆ. ಈ ವಿರೋಧದಿಂದಲೇ ಕೆಲವರಿಗೆ ತಲೆಸುತ್ತು, ಓಕರಿಕೆ ಬರುವುದುಂಟು. ಅಂಥವರು ಬಲವಂತದಿಂದ ಮುಂದುವರಿಯದೆ ಆಟ ನಿಲ್ಲಿಸಿ ವಿಶ್ರಮಿಸುವುದೇ ಸರಿ. ಭಯವೂ ದೇಹದ ಒಂದು ಅರಿವೇ ಆಗಿದೆ, ಅದು ಪರದೆಯಲ್ಲಿ ಹುಟ್ಟುವುದಿಲ್ಲ. ಓಟದ ಆಟ ಆಡಿದವರಲ್ಲಿ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಮನೋಭಾವ ಹೆಚ್ಚುತ್ತದೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಫಿಶರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು.

ಲೆಕ್ಕವನ್ನು ಸ್ವಲ್ಪ ನೋಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡು, ಮೆದುಳು ನಿರ್ಧರಿಸಿ, ಕಾಲು ಬ್ರೇಕಿಗೆ ಮುಟ್ಟುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಅನಂತರ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ 20 ಮೀಟರ್, ಜುಲೈ ತಿಂಗಳ ಮಳೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಆಟದಲ್ಲಿ ಪಳಗಿದ ಹುಡುಗನ ಬೆರಳು ಚುರುಕೆಂಬುದು ನಿಜ. ಆದರೆ ಆ ಚುರುಕಿನಿಂದ ಉಳಿಯುವುದು ಮೊದಲ ಭಾಗದ ಒಂದೆರಡು ಮೀಟರ್ ಮಾತ್ರ.

ಆ ಚುರುಕನ್ನೂ ನಿದ್ದೆಗೇಡು ಅಪಹರಿಸುತ್ತದೆ. ಸತತ 17 ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇಕಡಾ 0.05 ಮದ್ಯಾಂಶವಿದ್ದವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ನಮ್ಮ ಕಾನೂನು ಚಾಲಕನಿಗೆ ಅನುಮತಿಸುವ ಮಿತಿ 0.03. ನಡುರಾತ್ರಿಯವರೆಗೆ ಆಟವಾಡಿ, ಬೆಳಗಿನ ಆರಕ್ಕೆ ತರಬೇತಿಗೆ ಹೊರಡುವ ಯುವಕರ ತಾಯಂದಿರು ಇದನ್ನು ನೆನಪಿಡಬೇಕು.

ಇನ್ನು ಕಾನೂನಿನ ಶಾಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತರಬೇತಿ ಶಾಲೆಯಲ್ಲಿ ಸ್ವಂತ ಬಳಕೆಯ ವಾಹನ ಕಲಿಯುವವನು ಕನಿಷ್ಠ 10 ಗಂಟೆ ನಿಜವಾಗಿ ಓಡಿಸಬೇಕು. ಗಲ್ಲಿಗೊಂದರಂತಿರುವ ಶಾಲೆಗಳಲ್ಲಿ ಹಣ ಕಟ್ಟುವವರು ದಿನಕ್ಕೆ ಎಷ್ಟು ನಿಮಿಷ ಚಕ್ರ ಕೈಗೆ ಸಿಗುತ್ತದೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳು ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆ ಅವಕಾಶ ಕೊಟ್ಟವು. ಅಲ್ಲಿ ಲಘು ವಾಹನದ ಪಾಠ 29 ಗಂಟೆಗಳದು, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಅಂಥ ಕೇಂದ್ರದಲ್ಲಿ ಸಿಮ್ಯುಲೇಟರ್ ಇರಲೇಬೇಕು. ಅಂದರೆ ಹುಡುಗರ ಆಟದ ಯಂತ್ರದ ಅಣ್ಣನೊಬ್ಬ ಈಗ ಸರ್ಕಾರಿ ಪಠ್ಯಕ್ರಮದೊಳಗೇ ಬಂದು ಕುಳಿತಿದ್ದಾನೆ. ಮಂಜು, ಮಳೆ, ಏರಿನಲ್ಲಿ ನಿಂತು ಹೊರಡುವುದು, ಇವನ್ನು ಯಾರಿಗೂ ಗಾಯವಾಗದಂತೆ ಅಭ್ಯಸಿಸಲು ಅದು ಒಳ್ಳೆಯ ಸಾಧನ.

ಹದಿನೆಂಟು ತುಂಬದ ಮಗನಿಗೆ ಆಟದಲ್ಲಿ ಎಷ್ಟು ಚಿನ್ನದ ಪದಕಗಳಿದ್ದರೂ ಕಾರಿನ ಕೀಲಿ ಅವನ ಕೈಗೆ ಹೋಗಬಾರದು. 2019ರ ತಿದ್ದುಪಡಿಯಂತೆ ಅಪ್ರಾಪ್ತನು ವಾಹನ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ; ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು; ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಬಾಂದ್ರಾ-ವರ್ಲಿ ಸೇತುವೆಯಂಥ ನೇರ ದಾರಿ ರಾತ್ರಿ ಬರಿದಾಗಿರುವಾಗ ಓಟದ ಆಟದಂತೆಯೇ ಕಾಣುತ್ತದೆಂಬುದೇ ಇಲ್ಲಿನ ಅಪಾಯ. ಅಲ್ಲಿ ಮರುಗಳಿಗೆಯ ಇನ್ನೊಂದು ಯತ್ನವಿಲ್ಲ.

ಹದಿನೆಂಟು ತುಂಬಿ ಕಲಿಯುವವರ ಪರವಾನಗಿ ಬಂದ ಮೇಲೆ ಮೂವತ್ತು ದಿನವಾದರೂ ಅಭ್ಯಾಸವಾಗಬೇಕು. ಭಾನುವಾರದ ಮುಂಜಾವ ಅದಕ್ಕೆ ಪ್ರಶಸ್ತ. ತರಬೇತಿ ಶಾಲೆಯ ಕಾರಿನಲ್ಲಿ ಶಿಕ್ಷಕನ ಕಾಲ ಬಳಿಯೂ ಒಂದು ಬ್ರೇಕು ಇರಬೇಕೆಂಬುದು ನಿಯಮ. ಮನೆಯ ಕಾರಿನಲ್ಲಿ ಅದಿಲ್ಲ. ಆದುದರಿಂದ ಮೊದಲ ವಾರಗಳನ್ನು ಶಾಲೆಯ ಕಾರಿನಲ್ಲೇ ಕಳೆಯುವುದು ಕ್ಷೇಮ.