ಹೊಳ್ಳಿ ಬಂದ ಚೆಕ್ಕು

ಬಿಬ್ವೇವಾಡಿಯ ನಮ್ಮ ಮನೆಯಿಂದ ಮಾರ್ಕೆಟ್ ಯಾರ್ಡ್ ಹತ್ತು ನಿಮಿಷದ ದಾರಿ. ಪುಣೆಗೆ ಬಂದು ಹನ್ನೆರಡು ವರ್ಷವಾದರೂ ನಾನು ಅಲ್ಲಿಗೆ ಹೋಗುತ್ತಿದ್ದುದು ದಸರಾ, ದೀಪಾವಳಿಗೆ ಹೂ ತರಲು ಮಾತ್ರ. ಈ ಮೇ ತಿಂಗಳ ಮೊದಲ ವಾರ ಬ್ಯಾಡಗಿಯಿಂದ ಸೋದರಮಾವ ಬಂದಿಳಿದ ಮೇಲೆ ಭುಸಾರ್ ಓಣಿಗಳನ್ನೂ ನೋಡಿದಂತಾಯಿತು.

ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖರೀದಿಸಿ ಹೊರಗೆ ಕಳಿಸುವ ಸಣ್ಣ ವ್ಯಾಪಾರಿ. ಯಾರ್ಡಿನ ಒಂದು ಅಂಗಡಿಯಿಂದ ಹಳೆ ಬಾಕಿಗೆ 1,86,400 ರೂಪಾಯಿಯ ಚೆಕ್ ಬಂದಿತ್ತು, ಫೆಬ್ರುವರಿ 10ರ ತಾರೀಖಿನದು. ಬ್ಯಾಂಕಿಗೆ ಹಾಕಿದರೆ, ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ ಮೆಮೊದೊಂದಿಗೆ ವಾಪಸ್. ಮೇಲಾಗಿ ಮಾವನ ಬ್ಯಾಂಕು ಅವರ ಖಾತೆಯಿಂದಲೂ ಶುಲ್ಕ ಮುರಿದುಕೊಂಡಿತ್ತು. ದುಡ್ಡು ಬರಬೇಕಾದವನಿಗೇ ದಂಡ!

“ಫೋನ್ ಹಚ್ಚಿದ್ರ ‘ಉದ್ಯಾ ದೇತೋ’ ಅಂತಾನಪಾ. ಅವನ ಉದ್ಯಾ ಬರೂದ ಇಲ್ಲ,” ಅಂದರು ಮಾವ.

ಹಾಗೆ ಎರಡೂವರೆ ತಿಂಗಳು ಕಳೆದಿತ್ತು. ನನಗೆ ಎದೆ ಧಸಕ್ಕೆಂದದ್ದು ಅದಕ್ಕೇ. ಚೆಕ್ ಬೌನ್ಸ್ ಅಪರಾಧವಾದದ್ದು 1989ರ ಏಪ್ರಿಲ್‌ನಿಂದ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿದ 138ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ಆಗಬಹುದು. ಆದರೆ ಅಲ್ಲಿ ಎಲ್ಲವೂ ಗಡಿಯಾರದ ಮೇಲೆ ನಡೆಯುತ್ತದೆ, ನಾವು ಬರೆಯುವ ಕೋಡಿನ ಟೈಮ್‌ಔಟ್ ಹಾಗೆ. ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸು. ನೋಟಿಸು ತಲುಪಿದ ಮೇಲೆ ಕೊಡಬೇಕಾದವನಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಮಾವನ 30 ದಿನ ಮಾರ್ಚಿನಲ್ಲೇ ಮುಗಿದಿತ್ತು.

ಅಂಗಡಿಗೆ ಹೋದೆವು. ಮರ್ಯಾದೆಯಿಂದ ಕಟಿಂಗ್ ಚಹಾ ತರಿಸಿದ ಮಾಲೀಕ, ನಗುತ್ತಲೇ ಹೇಳಿದ: “ಕೇಸ್ ಹಾಕಿ ಕಾಕಾ. ಪುಣೆ ಕೋರ್ಟಿಗೆ ತಾರೀಖಿಗೊಮ್ಮೆ ಬ್ಯಾಡಗಿಯಿಂದ ಓಡಾಡುವವರು ನೀವೇ.” ಮಾವ ಚಹಾ ಅರ್ಧಕ್ಕೇ ಇಟ್ಟರು.

ಪರಿಚಯದ ವಕೀಲರು ಎರಡನ್ನೂ ಬಿಡಿಸಿ ಹೇಳಿದರು. ಚೆಕ್ಕಿಗೆ ಮೂರು ತಿಂಗಳ ಆಯುಷ್ಯ (2012ರ ಏಪ್ರಿಲ್‌ಗಿಂತ ಮುಂಚೆ ಆರು ತಿಂಗಳಿತ್ತು). ಅಷ್ಟರೊಳಗೆ ಮತ್ತೆ ಹಾಕಬಹುದು. ಮತ್ತೆ ಬೌನ್ಸಾದರೆ ಹೊಸ ಮೆಮೊ, ಹೊಸ 30 ದಿನ. ಇನ್ನು ಕೋರ್ಟಿನ ಮಾತು. 2014ರಲ್ಲಿ ಸುಪ್ರೀಂ ಕೋರ್ಟ್, ಚೆಕ್ ಬರೆದವನ ಬ್ಯಾಂಕ್ ಇರುವಲ್ಲೇ ಕೇಸು ನಡೆಯಬೇಕು ಎಂದಿತ್ತು. ಮಾಲೀಕ ಆ ಕಾಲದಲ್ಲೇ ನಿಂತಿದ್ದ. 2015ರ ತಿದ್ದುಪಡಿ ಅದನ್ನು ತಿರುಗಿಸಿತು: ಹಣ ಪಡೆಯಬೇಕಾದವನ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟು. ಚೆಕ್ಕನ್ನು ಅದೇ ಬ್ಯಾಂಕಿನ ಪುಣೆ ಶಾಖೆಯಲ್ಲಿ ಹಾಕಿದರೂ, ಖಾತೆಯಿರುವ ಶಾಖೆಯಲ್ಲೇ ಹಾಕಿದಂತೆ ಲೆಕ್ಕ. ಅಂದರೆ ಓಡಾಡಬೇಕಾದವನು ಮಾಲೀಕ!

“ಹಂಗಂದ್ರ ಅಂವಗ ನಮ್ಮೂರ ಚಹಾ ಕುಡಸೋಣ,” ಅಂದರು ಮಾವ. ಎರಡು ದಿನದ ನಂತರ ಮೊದಲ ಬಾರಿ ನಕ್ಕಿದ್ದು.

ಮೇ 4ಕ್ಕೆ ಚೆಕ್ ಹಾಕಿದೆವು, 6ಕ್ಕೆ ಮೆಮೊ ಬಂತು. ಚೆಕ್ ಮೊತ್ತವನ್ನು ಸ್ಪಷ್ಟವಾಗಿ ಕೇಳಿದ ನೋಟಿಸು ಅಂಗಡಿಗೂ ಮನೆಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಮೂಲ ಚೆಕ್ಕು, ಎರಡೂ ಮೆಮೊ, ಬಿಲ್ಲು, ಲಾರಿ ರಸೀದಿ, ಅಂಚೆ ಚೀಟಿ ಎಲ್ಲ ಒಂದೇ ಫೈಲಿಗೆ ಸೇರಿದವು. ಚೆಕ್ ವಾಪಸಾದ ಸಿಟ್ಟಿಗೆ ಮಾವ ಮೊದಲ ಮೆಮೊವನ್ನು ಮುದ್ದೆ ಮಾಡಿಟ್ಟಿದ್ದರು. ಅದನ್ನು ಇಸ್ತ್ರಿ ಮಾಡಿದವಳು ನನ್ನ ಹೆಂಡತಿ.

ಹದಿಮೂರನೆಯ ದಿನ ಮಾವನ ಖಾತೆಗೆ 1,45,000 ಬಂತು. “ಉಳಿದದ್ದು ಉದ್ಯಾ,” ಎಂದು ಫೋನು. ಅರ್ಧಂಬರ್ಧ ಕೊಟ್ಟರೆ ನೋಟಿಸಿನ ಬೇಡಿಕೆ ತೀರುವುದಿಲ್ಲ. 41,400 ಇನ್ನೂ ಬಾಕಿ. 15 ದಿನ ಮುಗಿದು ಇವತ್ತಿಗೆ ಹನ್ನೊಂದು ದಿನ. ದೂರಿನ ಕರಡು ಮಾವನ ಫೈಲಿನಲ್ಲಿದೆ, ಸಹಿ ಒಂದೇ ಬಾಕಿ.